ಅಪ್‌ಡೇಟ್ ಫೇಲ್ ಆಯಿತೆಂದು ಫಾರ್ಮ್ಯಾಟ್‌ಗೆ ಅವಸರ ಬೇಡ

ವಾರಕ್ಕೊಂದೇ ರಜೆ, ಅದರಲ್ಲೂ ನಿದ್ದೆ ಬಿಟ್ಟು ಕಂಪ್ಯೂಟರ್ ವಿಷಯ ಕೇಳಲು ಬಂದಿದ್ದೀರಿ. ಊಟಕ್ಕೆ ತಡ ಮಾಡುವುದಿಲ್ಲ.

ಮೊದಲು ನಾನೇ ಮಾಡಿದ ಒಂದು ತಪ್ಪು ಹೇಳುತ್ತೇನೆ. ನಾನು ಗಲ್ಫಿಗೆ ಬಂದ ಹೊಸತು. ನಮ್ಮ ರೂಮಿನಲ್ಲಿ ಊರಿನ ಕಡೆಯವರೇ ಒಬ್ಬರು ಹಿರಿಯರಿದ್ದರು, ಎಲ್ಲರೂ ಅವರನ್ನು ಇಚ್ಚ ಅಂತಲೇ ಕರೆಯುವುದು. ಅವರ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಅಪ್‌ಡೇಟ್ 30 ಪರ್ಸೆಂಟಿಗೆ ಬಂದು ನಿಲ್ಲುವುದು, ವಾಪಸ್ ಹೋಗುವುದು, ಮರುದಿನ ಪುನಃ ಶುರುವಾಗುವುದು. ಹೀಗೆ ಮೂರು ದಿನ. "ನೀನು ಕಂಪ್ಯೂಟರ್ ಕಲಿತವನಲ್ವಾ, ಒಮ್ಮೆ ನೋಡು ಮೋನೆ" ಅಂದರು. ನಾನು ನೋಡಿದ್ದೆಂತ, ಫಾರ್ಮ್ಯಾಟ್ ಮಾಡಿಬಿಟ್ಟೆ. ಒಂದೂವರೆ ಗಂಟೆಯಲ್ಲಿ ಹೊಸ ವಿಂಡೋಸ್ ಹಾಕಿ ದೊಡ್ಡ ಜನದ ಹಾಗೆ ಕೈಗೆ ಕೊಟ್ಟೆ. ಅವರು ತೆರೆದು ಡೆಸ್ಕ್‌ಟಾಪ್‌ನಲ್ಲಿ ಒಂದು ಫೋಲ್ಡರ್ ಹುಡುಕಿದರು. ಉಮ್ಮ ತೀರಿಹೋಗುವ ಮೊದಲು ಊರಿಂದ ತಂಗಿ ತೆಗೆದು ಕಳಿಸಿದ್ದ ವೀಡಿಯೊಗಳು ಅದರಲ್ಲಿದ್ದವು. ಇನ್ನೆಲ್ಲೂ ಕಾಪಿ ಇರಲಿಲ್ಲ. ಅವರು ನನಗೆ ಬೈಯಲಿಲ್ಲ. "ಪರ್ವಾಗಿಲ್ಲ, ವಿಂಡೋಸ್ ಬಂತಲ್ಲ" ಅಂದರು. ಬೈದಿದ್ದರೆ ಒಳ್ಳೆಯದಿತ್ತು.

ಆಮೇಲೆ ಈ ಕೆಲಸ ಕಲಿತಾಗ ನನಗೆ ಗೊತ್ತಾಯಿತು, ಆ ಲ್ಯಾಪ್‌ಟಾಪ್‌ಗೆ ಫಾರ್ಮ್ಯಾಟ್ ಬೇಕೇ ಇರಲಿಲ್ಲ. ಸಿ ಡ್ರೈವಿನಲ್ಲಿ ಜಾಗ ಇರಲಿಲ್ಲ, ಅಷ್ಟೇ.

ಆದ್ದರಿಂದ ಅಪ್‌ಡೇಟ್ ಫೇಲ್ ಆದ ಕಂಪ್ಯೂಟರ್ ಆನ್ ಆಗುತ್ತಾ ಇದ್ದರೆ ಮೊದಲ ಕೆಲಸ ರಿಪೇರಿ ಅಲ್ಲ, ಕಾಪಿ. ಪೆನ್‌ಡ್ರೈವ್ ಹಾಕಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್, ಈ ನಾಲ್ಕನ್ನೂ ತೆಗೆಯಿರಿ. ಪಾಸ್‌ಪೋರ್ಟ್, ವೀಸಾ, ಮಕ್ಕಳ ಮಾರ್ಕ್ಸ್ ಕಾರ್ಡ್, ಜಾಗದ ಪಹಣಿ ಸ್ಕ್ಯಾನ್ ಮಾಡಿದ್ದೆಲ್ಲ ಹೆಚ್ಚಾಗಿ ಡೌನ್‌ಲೋಡ್ಸ್‌ನಲ್ಲೇ ಬಿದ್ದಿರುತ್ತದೆ. ಆನ್ ಆಗದೇ ಇದ್ದರೂ ಫೈಲುಗಳು ಹೋದವು ಅಂತ ಅಲ್ಲ. ಪೆನ್‌ಡ್ರೈವಿನಿಂದ ಲಿನಕ್ಸ್ ಬೂಟ್ ಮಾಡಿ ತೆಗೆಯಬಹುದು, ಅಥವಾ ಡಿಸ್ಕ್ ಬಿಚ್ಚಿ ಯುಎಸ್‌ಬಿ ಕೇಬಲಿಗೆ ಸಿಕ್ಕಿಸಿ ಬೇರೆ ಕಂಪ್ಯೂಟರಿನಲ್ಲಿ ತೆರೆಯಬಹುದು. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇದ್ದರೆ ಮಾತ್ರ ಕೀ ಬೇಕು. 48 ಅಂಕಿಯ ಆ ಕೀ ಹೆಚ್ಚಾಗಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಸಿಗುತ್ತದೆ. ಅಂಗಡಿಗೆ ಕೊಡುವಾಗ "ಡೇಟಾ ಬೇಕು, ಫಾರ್ಮ್ಯಾಟ್ ಮಾಡಬೇಡಿ" ಅಂತ ಬಾಯಲ್ಲಿ ಹೇಳಿದರೆ ಸಾಲದು, ರಶೀದಿಯಲ್ಲಿ ಬರೆಸಿ.

ಈಗ ರಿಪೇರಿಗೆ ಬರುವ. ನಾನು ನೋಡಿದ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವಕ್ಕೆ ಕಾಯಿಲೆ ಜಾಗದ್ದೇ. ಸೆಟ್ಟಿಂಗ್ಸ್‌ನಲ್ಲಿ ಅಪ್‌ಡೇಟ್ ಹಿಸ್ಟರಿ ಅಂತ ಉಂಟು, ಅಲ್ಲಿ ಫೇಲ್ ಆದದ್ದರ ಎದುರು ಒಂದು ನಂಬರು ಇರುತ್ತದೆ. ಅದನ್ನು ಫೋಟೊ ತೆಗೆದಿಟ್ಟುಕೊಳ್ಳಿ. ಕೊನೆಗೆ 80070070 ಅಂತ ಇದ್ದರೆ ಡಿಸ್ಕ್ ತುಂಬಿದೆ ಅಂತ ಅರ್ಥ. ಕೆಲವು ಅಗ್ಗದ ಮಾಡೆಲ್‌ಗಳಲ್ಲಿ ಇರುವುದೇ ಒಟ್ಟು 32 ಜಿಬಿ, ಅದರಲ್ಲಿ ವಿಂಡೋಸ್‌ಗೇ ಕಷ್ಟದಲ್ಲಿ ಸಾಕಾಗುವುದು. ತಿಂಗಳ ಅಪ್‌ಡೇಟ್‌ಗೆ 10 ಜಿಬಿ, ವರ್ಷನ್ ಬದಲಾಗುವ ದೊಡ್ಡ ಅಪ್‌ಡೇಟ್‌ಗೆ 20 ಜಿಬಿ ಖಾಲಿ ಇಟ್ಟುಕೊಳ್ಳುವುದು ನನ್ನ ಲೆಕ್ಕ. ಸ್ಟೋರೇಜ್ ಸೆಟ್ಟಿಂಗ್ಸ್‌ನಲ್ಲಿ ಟೆಂಪರರಿ ಫೈಲ್ಸ್ ತೆರೆದು ಅಳಿಸಿ. ಆದರೆ ಒಂದು ನೆನಪಿಡಿ ಮಾರಾಯ್ರೆ, ಆ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಕೂಡ ಇರುತ್ತದೆ. ಅದರ ಎದುರಿನ ಟಿಕ್ ಇದೆಯಾ ಅಂತ ನೋಡಿ, ಇದ್ದರೆ ತೆಗೆದೇ ಮುಂದಕ್ಕೆ ಹೋಗಿ. ಇಲ್ಲದಿದ್ದರೆ ಈಗಷ್ಟೇ ಹೇಳಿದ ಪಹಣಿ, ಮಾರ್ಕ್ಸ್ ಕಾರ್ಡ್ ಎಲ್ಲ ಕಸದ ಜೊತೆ ಹೋಗುತ್ತದೆ.

ಜಾಗ ಇದ್ದರೂ ಡೌನ್‌ಲೋಡೇ ಆಗುವುದಿಲ್ಲ ಅನ್ನುವವರು ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಇದ್ದೀರಾ ನೋಡಿ. ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಮೀಟರ್ಡ್ ಕನೆಕ್ಷನ್ ಅಂತ ಒಂದು ಗುಂಡಿ ಇದೆ. ಡೇಟಾ ಉಳಿಯಲಿ ಅಂತ ಯಾರೋ ಅದನ್ನು ಆನ್ ಮಾಡಿರುತ್ತಾರೆ, ಆಗ ವಿಂಡೋಸ್ ಹೆಚ್ಚಿನ ಅಪ್‌ಡೇಟ್ ಇಳಿಸಿಕೊಳ್ಳದೆ ಸುಮ್ಮನೆ ಕೂರುತ್ತದೆ. ಅದರ ತಪ್ಪಲ್ಲ. ಇನ್ನು, ಕಂಪ್ಯೂಟರಿನ ಗಡಿಯಾರ. ಪ್ರತಿ ಸಲ ಆನ್ ಮಾಡುವಾಗ ತಾರೀಕು ಹತ್ತು ವರ್ಷ ಹಿಂದಕ್ಕೆ ಹೋಗಿರುತ್ತದಾ? ಹಾಗಾದರೆ ಒಳಗಿನ ನಾಣ್ಯದಂಥ ಸಣ್ಣ ಬ್ಯಾಟರಿ ಮುಗಿದಿದೆ. ತಾರೀಕು ತಪ್ಪಾದರೆ ಸರ್ವರಿನ ಭದ್ರತಾ ಸರ್ಟಿಫಿಕೇಟ್ ಹೊಂದಾಣಿಕೆ ಆಗುವುದಿಲ್ಲ, ಸಂಪರ್ಕವೇ ಸಿಗುವುದಿಲ್ಲ. ಹೆಚ್ಚಾಗಿ ಅದು ಸಿಆರ್ 2032 ಬ್ಯಾಟರಿ, ಊರಿನಲ್ಲಿ ವಾಚ್ ಅಂಗಡಿಯಲ್ಲೂ ಸಿಗುತ್ತದೆ.

ಅರ್ಧ ಇಳಿದು ಕೆಟ್ಟುಹೋದ ಫೈಲುಗಳಿಂದಲೂ ಫೇಲ್ ಆಗುತ್ತದೆ. ಆಗ ಸರ್ವೀಸಸ್‌ಗೆ ಹೋಗಿ ವಿಂಡೋಸ್ ಅಪ್‌ಡೇಟ್ ನಿಲ್ಲಿಸಿ, ವಿಂಡೋಸ್ ಫೋಲ್ಡರಿನೊಳಗಿನ ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್ ಎಂಬ ಫೋಲ್ಡರಿನ ಹೆಸರು ಬದಲಿಸಿ, ಮೆಷಿನ್ ರೀಸ್ಟಾರ್ಟ್ ಮಾಡಿ. ವಿಂಡೋಸ್ ಹೊಸ ಫೋಲ್ಡರ್ ಮಾಡಿಕೊಂಡು ಮೊದಲಿಂದ ಇಳಿಸುತ್ತದೆ. ಅದಕ್ಕೂ ಬಗ್ಗದಿದ್ದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಮೊದಲು ಡಿಐಎಸ್‌ಎಂ, ಆಮೇಲೆ ಎಸ್‌ಎಫ್‌ಸಿ. ಇವೆರಡು ವಿಂಡೋಸಿನ ಸ್ವಂತ ಫೈಲುಗಳನ್ನು ಪರೀಕ್ಷೆ ಮಾಡಿ ಸರಿಪಡಿಸುವಂಥವು, ನಿಮ್ಮ ಫೋಟೊಗಳನ್ನು ಮುಟ್ಟುವುದಿಲ್ಲ. ಟೈಪ್ ಮಾಡುವ ಸಾಲುಗಳನ್ನು ಇಂಗ್ಲಿಷಿನಲ್ಲಿ ಬರೆದ ಚೀಟಿ ಬಾಗಿಲ ಹತ್ತಿರ ಇಟ್ಟಿದ್ದೇನೆ. ಹೋಗುವಾಗ ಒಂದೊಂದು ತಗೊಳ್ಳಿ.

ಕೆಲವು ಸಲ ನಿಮ್ಮ ಕಡೆಯಿಂದ ಎಂತದೂ ತಪ್ಪಿರುವುದಿಲ್ಲ. 2024ರ ಜನವರಿಯಲ್ಲಿ ವಿಂಡೋಸ್ 10ಕ್ಕೆ ಕೆಬಿ 5034441 ಅಂತ ಒಂದು ಅಪ್‌ಡೇಟ್ ಬಂತು. ಡಿಸ್ಕಿನ ಮೂಲೆಯಲ್ಲಿ ವಿಂಡೋಸ್ ತನಗೇ ಇಟ್ಟುಕೊಂಡ ರಿಕವರಿ ಪಾರ್ಟಿಷನ್‌ನಲ್ಲಿ 250 ಎಂಬಿ ಖಾಲಿ ಇಲ್ಲದವರಿಗೆಲ್ಲ ಅದು ಫೇಲ್ ಆಗುತ್ತಲೇ ಇತ್ತು. ಸಿ ಡ್ರೈವಿನಲ್ಲಿ 100 ಜಿಬಿ ಖಾಲಿ ಇದ್ದರೂ ಪ್ರಯೋಜನವಿಲ್ಲ. ಅಂಥ ಒಂದು ಅಪ್‌ಡೇಟ್ ಕೆಂಪು ಅಕ್ಷರ ತೋರಿಸಿತೆಂದು ಇಡೀ ಮೆಷಿನ್ ತೊಳೆಯುವುದು, ನಲ್ಲಿ ಸೋರಿತೆಂದು ಮನೆ ಕೆಡವಿದ ಹಾಗೆ.

ನೀವು ಇಲ್ಲಿ, ಲ್ಯಾಪ್‌ಟಾಪ್ ಊರಲ್ಲಿ, ಅದೇ ನಮ್ಮಲ್ಲಿ ಹೆಚ್ಚು. ಮಗಳ ಕಾಲೇಜಿಗೆಂದು ಇಲ್ಲಿಂದ ಕಳಿಸಿದ್ದು. ರಾತ್ರಿ ಫೋನ್ ಬರುತ್ತದೆ, "ಸ್ಕ್ರೀನ್ ನೀಲಿಯಾಗಿ ಸುತ್ತುತ್ತಾ ಉಂಟು, ಆಫ್ ಮಾಡ್ಲಾ?" ಬೇಡ ಅನ್ನಿ. ಚಾರ್ಜರ್ ಸಿಕ್ಕಿಸಿಡಲು ಹೇಳಿ. ಹಳೆಯ ಹಾರ್ಡ್ ಡಿಸ್ಕ್ ಆದರೆ ಮೂರು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ, ಅದರಲ್ಲೂ ಬದಲಾವಣೆಗಳನ್ನು ವಾಪಸ್ ತೆಗೆಯುತ್ತಿದ್ದೇನೆ ಅಂತ ತೋರಿಸುವಾಗ ಕರೆಂಟ್ ತೆಗೆದರೆ ನಿಜವಾಗಿ ಕೆಡುತ್ತದೆ. ಡಿಸ್ಕಿನ ಸಣ್ಣ ದೀಪ ಮಿನುಗುತ್ತಿದ್ದರೆ ಕಾಯಲಿ. ಇಡೀ ರಾತ್ರಿ ಕಳೆದು ದೀಪವೂ ಇಲ್ಲ, ಅಲುಗಾಟವೂ ಇಲ್ಲ ಅಂದರೆ ಆಗ ಪವರ್ ಬಟನ್ ಒತ್ತಿ ಹಿಡಿಯಬಹುದು. ವಿಂಡೋಸ್ ಬೂಟ್ ಆಗುವಾಗಲೇ ಹೀಗೆ ಎರಡು ಮೂರು ಸಲ ನಿಂತರೆ ತಾನಾಗಿ ರಿಪೇರಿ ಪರದೆ ಬರುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್. ಕೊನೆಗೆ ಬಂದ ಅಪ್‌ಡೇಟ್ ಮಾತ್ರ ತೆಗೆದರೆ ಎಷ್ಟೋ ಸಲ ಮೆಷಿನ್ ಎದ್ದು ಕೂರುತ್ತದೆ.

ಮನೆಯವರಿಗೆ ಇನ್ನೊಂದನ್ನೂ ಹೇಳಿ. ಎರರ್ ನಂಬರ್ ಗೂಗಲ್‌ನಲ್ಲಿ ಹುಡುಕಿದಾಗ "ಮೈಕ್ರೋಸಾಫ್ಟ್ ಸಹಾಯವಾಣಿ" ಅಂತ ಫೋನ್ ನಂಬರ್ ಬಂದರೆ ಮುಟ್ಟಬಾರದು. ಮೈಕ್ರೋಸಾಫ್ಟಿನ ಎರರ್ ಸಂದೇಶದಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಆ ಕಡೆಯವನು ದೂರದಿಂದ ಸ್ಕ್ರೀನ್ ನೋಡುವ ಆ್ಯಪ್ ಹಾಕಿಸುತ್ತಾನೆ, ಆಮೇಲೆ ಬ್ಯಾಂಕ್ ತೆರೆಯಿರಿ ಅನ್ನುತ್ತಾನೆ. ನಾವು ಬಿಸಿಲಲ್ಲಿ ದುಡಿದು ಕಳಿಸಿದ ದುಡ್ಡು ಹತ್ತು ನಿಮಿಷದಲ್ಲಿ ಖಾಲಿ.

ಕೊನೆಯದಾಗಿ, ಎಲ್ಲರೂ ಕೇಳುವ ಪ್ರಶ್ನೆ, ವಿಂಡೋಸ್ 10 ಮುಗಿಯಿತಲ್ಲ, ಈಗ ಎಂತ ಮಾಡುವುದು? 2025ರ ಅಕ್ಟೋಬರ್ 14ಕ್ಕೆ ಅದರ ಬೆಂಬಲ ನಿಂತದ್ದು ಹೌದು. ವಿಂಡೋಸ್ 11 ಹಾಕಲು ಟಿಪಿಎಂ 2.0 ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನ ಪ್ರೊಸೆಸರ್ ಬೇಕು. ನಿಮ್ಮ ಮೆಷಿನ್ ಅದಕ್ಕಿಂತ ಹಳತಾದರೆ 11 ಬೇಡ ಅಂದದ್ದು ಫೇಲ್ ಅಲ್ಲ, ಅದು ಉತ್ತರ. ಅಂಥವರು ವಿಂಡೋಸ್ 10ರಲ್ಲೇ 22ಎಚ್2 ವರ್ಷನ್‌ನಲ್ಲಿದ್ದು, ಅಪ್‌ಡೇಟ್ ಪುಟದಲ್ಲಿ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ಹೆಸರು ಹಾಕಿದರೆ 2026ರ ಅಕ್ಟೋಬರ್ 13ರ ತನಕ ನಡೆಯುತ್ತದೆ. 30 ಡಾಲರ್ ಅಂತ ತೋರಿಸಿದರೆ ಹೆದರಬೇಡಿ, ಮೈಕ್ರೋಸಾಫ್ಟ್ ಅಕೌಂಟಿಗೆ ಸೆಟ್ಟಿಂಗ್ಸ್ ಬ್ಯಾಕಪ್ ಕೊಡುವವರಿಗೆ ದುಡ್ಡಿಲ್ಲದೆ ಸಿಗುವ ದಾರಿಯೂ ಅಲ್ಲೇ ಇದೆ. ಕಂಪೆನಿಯಿಂದ ಹೊರಬಿದ್ದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡವರಿಗೆ "ಈ ಸೆಟ್ಟಿಂಗ್ ನಿಮ್ಮ ಸಂಸ್ಥೆಯ ಹಿಡಿತದಲ್ಲಿದೆ" ಅಂತ ಬರಬಹುದು. ಅದು ಈಗಲೂ ಹಳೆಯ ಕಂಪೆನಿಯ ಸರ್ವರ್‌ನ ದಾರಿ ಕಾಯುತ್ತಾ ಕೂತಿರುತ್ತದೆ, ನೀವು ಎಷ್ಟು ಒತ್ತಿದರೂ ಅಪ್‌ಡೇಟ್ ಬರುವುದಿಲ್ಲ. ಅದಕ್ಕೆ ಮಾತ್ರ ಹೊಸದಾಗಿ ವಿಂಡೋಸ್ ಹಾಕುವುದೇ ಸುಲಭ. ಕಾಪಿ ತೆಗೆದಾದ ಮೇಲೆ.

ಮುಂದಿನ ರಜೆಗೆ ಇದೇ ಹಾಲಿನಲ್ಲಿ ನಾನೂ ಇನ್ನಿಬ್ಬರು ಹುಡುಗರೂ ಕೂರುತ್ತೇವೆ. ಮೆಷಿನ್ ತರುವವರು ಚಾರ್ಜರ್ ತನ್ನಿ, ಖಾಲಿ ಪೆನ್‌ಡ್ರೈವ್ ತನ್ನಿ, ಅಕೌಂಟಿನ ಪಾಸ್‌ವರ್ಡ್ ನೆನಪು ಮಾಡಿಕೊಂಡು ಬನ್ನಿ. ಪಾಸ್‌ವರ್ಡ್ ನನಗೆ ಹೇಳುವುದು ಬೇಡ, ನೀವೇ ಟೈಪ್ ಮಾಡಿದರಾಯಿತು.