ಸೋಸಿದ ನೀರಿಗೆ ಸಾಕ್ಷಿ ಯಾರು?

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸದ ಬರಹರೂಪ)



ಮಲೆನಾಡಿನವರಿಗೆ ತಮ್ಮ ನೀರಿನ ಮೇಲಿದ್ದ ನಂಬಿಕೆ ಬಹಳ ಹಳೆಯದು. ಬೆಟ್ಟದ ಒರತೆಯಿಂದ ಅಡಿಕೆ ದಬ್ಬೆಯಲ್ಲಿ ಹರಿದು ಅಂಗಳಕ್ಕೆ ಬೀಳುತ್ತಿದ್ದ ನೀರನ್ನು ಯಾರೂ ಪರೀಕ್ಷಿಸುತ್ತಿರಲಿಲ್ಲ. ಪರೀಕ್ಷಿಸುವ ಅಗತ್ಯವೂ ಕಂಡಿರಲಿಲ್ಲ. ಇಂದು ದಬ್ಬೆಯ ಜಾಗಕ್ಕೆ ಪ್ಲಾಸ್ಟಿಕ್ ಪೈಪು ಬಂದಿದೆ. ಒರತೆಯ ಮೇಲ್ಭಾಗದವರೆಗೂ ತೋಟಗಳು ಹಬ್ಬಿವೆ. ಕೊಳೆರೋಗಕ್ಕೆಂದು ಸಿಂಪಡಿಸಿದ ಬೋರ್ಡೋ ದ್ರಾವಣದ ಮೈಲುತುತ್ತ ಮಳೆಯೊಂದಿಗೆ ಕೆಳಗಿಳಿಯುತ್ತದೆ. ಕಾಫಿ ಹಣ್ಣು ಪಲ್ಪ್ ಮಾಡಿದ ನೀರನ್ನು ಹಳ್ಳಕ್ಕೆ ಬಿಡುವ ಕಡೆ ನೀರಿನ ಪ್ರಾಣವಾಯುವೇ ಕುಂದುತ್ತದೆ. ನಂಬಿಕೆ ಹೀಗೆ ಸಡಿಲಗೊಂಡ ಮೇಲೆ ಮನೆ ಬಾಗಿಲಿಗೆ ಬರುವವರು ಫಿಲ್ಟರ್ ಮಾರಾಟಗಾರರು. ಆದುದರಿಂದ ನೀರನ್ನು ಸೋಸುವ ವಸ್ತುಗಳು ಯಾವ ಬಗೆಯವು, ಪ್ರತಿಯೊಂದೂ ಏನನ್ನು ತಡೆಯುತ್ತದೆ, ಏನನ್ನು ಬಿಟ್ಟುಕೊಡುತ್ತದೆ, ತಡೆದುದಕ್ಕೆ ಸಾಕ್ಷಿ ಹೇಳುವವರು ಯಾರು ಎಂಬುದನ್ನು ತಿಳಿಯುವುದು ಪ್ರತಿ ಮನೆಯ ಕೆಲಸವಾಗಿದೆ.

ಹಳೆಯ ಸೀರೆಯ ವಿಜ್ಞಾನ

ನೀರನ್ನು ಬಟ್ಟೆಯಲ್ಲಿ ಸೋಸುವ ರೂಢಿ ಈ ನೆಲಕ್ಕೆ ಹೊಸದಲ್ಲ. ಜೈನ ಮನೆಗಳಲ್ಲಿ ನೀರೊಳಗಿನ ಸೂಕ್ಷ್ಮಜೀವಿಗಳಿಗೆ ಹಿಂಸೆಯಾಗಬಾರದೆಂದು ಅದನ್ನು ವ್ರತದಂತೆ ಪಾಲಿಸುತ್ತಾರೆ. ಈ ರೂಢಿಯ ಆರೋಗ್ಯದ ಮುಖವನ್ನು ಅಳೆದು ತೋರಿಸಿದ್ದು ಬಾಂಗ್ಲಾದೇಶದ ಮತ್ಲಬ್ ಪ್ರದೇಶದಲ್ಲಿ ನಡೆದ ಅಧ್ಯಯನ. ಅಮೆರಿಕದ ವಿಜ್ಞಾನಿ ರೀಟಾ ಕಾಲ್ವೆಲ್ ಹಾಗೂ ಅನ್ವರ್ ಹಕ್ ಅವರ ತಂಡ 65 ಹಳ್ಳಿಗಳಲ್ಲಿ ಕೆಲಸ ಮಾಡಿ, 2003ರಲ್ಲಿ ಫಲಿತಾಂಶ ಪ್ರಕಟಿಸಿತು. ಕೆರೆ ಮತ್ತು ಹೊಳೆಯ ನೀರನ್ನು ಹಲವು ಪದರವಾಗಿ ಮಡಚಿದ ಹಳೆಯ ಸೀರೆಯಲ್ಲಿ ಸೋಸಿದ ಹಳ್ಳಿಗಳಲ್ಲಿ ಕಾಲರಾ ಪ್ರಕರಣಗಳು ಶೇಕಡಾ 48ರಷ್ಟು ಕಡಿಮೆಯಾಗಿದ್ದವು.

ಇಲ್ಲಿ ಒಂದು ಸೋಜಿಗವಿದೆ. ಕಾಲರಾ ರೋಗಾಣು ಸೀರೆಯ ರಂಧ್ರಕ್ಕಿಂತ ಬಹಳ ಚಿಕ್ಕದು. ನಾಲ್ಕಾರು ಪದರದ ಸೀರೆಯ ರಂಧ್ರ ಸುಮಾರು 20 ಮೈಕ್ರಾನ್, ಎಂದರೆ ಒಂದು ಮಿಲಿಮೀಟರಿನ ಐವತ್ತನೆಯ ಒಂದು ಭಾಗ. ರೋಗಾಣು ಅದರ ಹತ್ತನೆಯ ಒಂದು ಭಾಗದಷ್ಟೂ ದಪ್ಪವಿಲ್ಲ. ಆದರೆ ಅದು ನೀರಿನಲ್ಲಿ ಬಹುಮಟ್ಟಿಗೆ ಒಂಟಿಯಾಗಿರದೆ ತೇಲುವ ಪುಟ್ಟ ನೀರುಚಿಗಟಗಳ ಮೈಗೆ ಅಂಟಿಕೊಂಡಿರುತ್ತದೆ. ಸೀರೆ ಆ ನೀರುಚಿಗಟವನ್ನು ತಡೆಯುತ್ತದೆ, ಅದರೊಂದಿಗೆ ರೋಗಾಣುವೂ ನಿಲ್ಲುತ್ತದೆ. ಹೊಸ ಸೀರೆಗಿಂತ ಹಳೆಯದೇ ಮೇಲು. ಒಗೆದು ಒಗೆದು ನೂಲು ಅರಳಿ ರಂಧ್ರ ಕಿರಿದಾಗಿರುತ್ತದೆ. ನಾರುಹುಣ್ಣಿನ ಮರಿಹುಳುವನ್ನು ಹೊರುವುದೂ ಇಂಥದೇ ನೀರುಚಿಗಟ. ಒಂದು ಕಾಲಕ್ಕೆ ಕರ್ನಾಟಕವನ್ನೂ ಕಾಡಿದ ಆ ರೋಗದಿಂದ ಭಾರತ 2000ದಲ್ಲಿ ಮುಕ್ತವೆಂದು ಘೋಷಿತವಾಯಿತು. ಅದರಲ್ಲಿ ಸೋಸುಬಟ್ಟೆಯ ಪಾಲು ದೊಡ್ಡದು. ಆದರೆ ಒಂಟಿಯಾಗಿ ತೇಲುವ ರೋಗಾಣುವಿಗೆ ಸೀರೆ ತಡೆಯಲ್ಲ. ಕುದಿಸಲು ಸೌದೆ ಇಲ್ಲದ ಕಡೆ ಸೀರೆ ದೊಡ್ಡ ಆಸರೆ. ಕುದಿಸಬಲ್ಲ ಕಡೆ ಕುದಿಸುವುದೇ ಮೇಲು.

ಮರದೊಳಗಿನ ಜರಡಿ

ರೋಗಾಣುವನ್ನೇ ತಡೆಯಬಲ್ಲ ಜರಡಿಯೊಂದು ಮರದಲ್ಲಿಯೇ ಇದೆ. ಅಮೆರಿಕದ ಎಂಐಟಿ ಸಂಸ್ಥೆಯ ರೋಹಿತ್ ಕಾರ್ಣಿಕ್ ಅವರ ತಂಡ 2014ರಲ್ಲಿ ಪೈನ್ ಕೊಂಬೆಯ ಸಣ್ಣ ತುಂಡೊಂದನ್ನು ಕೊಳವೆಗೆ ಸಿಕ್ಕಿಸಿ ಅದರ ಮೂಲಕ ನೀರು ಹಾಯಿಸಿತು. ಚೇಗಿನ ಹೊರಗಿನ ಬಿಳಿ ಭಾಗದಲ್ಲಿ ಬೇರಿನ ನೀರನ್ನು ಮೇಲಕ್ಕೊಯ್ಯುವ ಸೂಕ್ಷ್ಮ ನಾಳಗಳಿವೆ. ಸೂಚಿಪರ್ಣಿ ಮರಗಳಲ್ಲಿ ಈ ನಾಳಗಳು ಕೆಲವೇ ಮಿಲಿಮೀಟರ್ ಉದ್ದ. ಒಂದರಿಂದ ಇನ್ನೊಂದಕ್ಕೆ ನೀರು ತೆಳುಪೊರೆಯೊಂದನ್ನು ದಾಟಿಯೇ ಹೋಗಬೇಕು. ಗಾಳಿಗುಳ್ಳೆ ನಾಳದಿಂದ ನಾಳಕ್ಕೆ ಹಬ್ಬದಂತೆ ಮರ ತನಗಾಗಿ ಮಾಡಿಕೊಂಡ ಆ ಪೊರೆಯೇ ರೋಗಾಣುವಿಗೂ ತಡೆಯಾಯಿತು. ಮೂರು ಘನ ಸೆಂಟಿಮೀಟರ್‌ನಷ್ಟು ಮರ ಒಬ್ಬರ ದಿನದ ಕುಡಿಯುವ ನೀರನ್ನು ಸೋಸಬಲ್ಲುದೆಂದು ಕಂಡುಬಂದಿತು.

ಒಣಗಿದರೆ ಪೊರೆ ಮುಚ್ಚಿಕೊಳ್ಳುವುದು ಆಗಿನ ತೊಡಕಾಗಿತ್ತು. ಮರವನ್ನು ಬಿಸಿನೀರಿನಲ್ಲಿ ನೆನೆಸಿ, ಮದ್ಯಸಾರದಲ್ಲಿ ಅದ್ದಿ ಒಣಗಿಸಿದರೆ ಈ ತೊಡಕು ನೀಗುವುದೆಂದು ಅದೇ ತಂಡ 2021ರಲ್ಲಿ ವರದಿ ಮಾಡಿತು. ಅಂಥ ಫಿಲ್ಟರನ್ನು ಎರಡು ವರ್ಷಕ್ಕೂ ಹೆಚ್ಚು ಕಾಲ ಇಟ್ಟು ಬಳಸಬಹುದು. ಅವರು ಭಾರತದಲ್ಲಿಯೂ ಜನರೊಡನೆ ಚರ್ಚಿಸಿ ಇದರ ಮಾದರಿಯನ್ನು ರೂಪಿಸಿದರು. ಕೊಂಬೆಯೊಂದನ್ನು ಕಡಿದರೆ ಸಾಕೆಂದು ಮಲೆನಾಡಿನ ವಿದ್ಯಾರ್ಥಿಗಳು ಹೊರಡಬಾರದು. ಹಲಸು, ಮತ್ತಿ, ನಂದಿಯಂತಹ ಅಗಲೆಲೆಯ ಮರಗಳ ನಾಳಗಳು ಅಗಲವಾಗಿಯೂ ಬಹಳ ಉದ್ದವಾಗಿಯೂ ಇರುವುದರಿಂದ ರೋಗಾಣು ನೇರವಾಗಿ ಹಾದುಹೋಗುತ್ತದೆ. ಇನ್ನು ಪೈನ್ ಮರವೇ ಆದರೂ ಕರಗಿದ ವಿಷವನ್ನು ತಡೆಯಲಾರದು.

ಜರಡಿಗೆ ಸಿಗದ ವಿಷ

ಕರಗಿದ ವಿಷದ ಮಾತು ಬಂದಾಗ ಮತ್ತೆ ಬಾಂಗ್ಲಾದೇಶದ ಕಡೆಗೇ ನೋಡಬೇಕಾಗುತ್ತದೆ. ಅಲ್ಲಿ ಕೆರೆಕುಂಟೆಗಳ ನೀರಿನಿಂದ ಮಕ್ಕಳು ವಾಂತಿಭೇದಿಗೆ ಬಲಿಯಾಗುತ್ತಿದ್ದರು. 1970ರ ದಶಕದಿಂದ ಸರ್ಕಾರವೂ ನೆರವು ಸಂಸ್ಥೆಗಳೂ ಊರೂರಲ್ಲಿ ಕೊಳವೆಬಾವಿ ತೋಡಿಸಿದವು. ಮರಳಿನ ಪದರಗಳ ಮೂಲಕ ಇಳಿದ ನೀರು ತಿಳಿಯಾಗಿತ್ತು, ರೋಗಾಣುವಿನಿಂದ ಬಹುಪಾಲು ಮುಕ್ತವಾಗಿತ್ತು. ಭೂಮಿಯೇ ಸೋಸಿದ ನೀರನ್ನು ಮತ್ತೊಮ್ಮೆ ಪರೀಕ್ಷಿಸಬೇಕೆಂದು ಯಾರಿಗೂ ತೋಚಲಿಲ್ಲ. ಅದರಲ್ಲಿ ಆರ್ಸೆನಿಕ್ ಇದೆ ಎಂಬುದು ಅಧಿಕೃತವಾಗಿ ಗೊತ್ತಾದದ್ದು 1993ರಲ್ಲಿ. ಅಷ್ಟರಲ್ಲಿ ಕೋಟಿಗಟ್ಟಲೆ ಜನ ಆ ನೀರನ್ನು ಕುಡಿಯುತ್ತಿದ್ದರು. ಅಂಗೈ ಅಂಗಾಲುಗಳಲ್ಲಿ ಗಂಟು, ಚರ್ಮದ ಮೇಲೆ ಕಲೆ, ಮುಂದೆ ಕ್ಯಾನ್ಸರ್ ಕಾಣಿಸಿಕೊಂಡವು. ಬಳಿಕ ಸುಮಾರು 50 ಲಕ್ಷ ಬಾವಿಗಳನ್ನು ಪರೀಕ್ಷಿಸಿ, ವಿಷದ ಬಾವಿಯ ಪಂಪಿಗೆ ಕೆಂಪು, ಕುಡಿಯಬಹುದಾದ ಬಾವಿಯ ಪಂಪಿಗೆ ಹಸಿರು ಬಣ್ಣ ಬಳಿಯಲಾಯಿತು. ಆ ಕೆಲಸ ಇಪ್ಪತ್ತು ವರ್ಷ ಮೊದಲೇ ನಡೆದಿದ್ದರೆ ಎಷ್ಟು ಜನ ಉಳಿಯುತ್ತಿದ್ದರು ಎಂಬ ಪ್ರಶ್ನೆ ಇಂದಿಗೂ ಉಳಿದಿದೆ.

ಆರ್ಸೆನಿಕ್ ಹೇಗೆ ಬಂದಿತು? ಹಿಮಾಲಯದಿಂದ ಹರಿದು ಬಂದ ಮಣ್ಣಿನಲ್ಲಿ ಅದು ಕಬ್ಬಿಣದ ತುಕ್ಕಿಗೆ ಅಂಟಿಕೊಂಡಿತ್ತು. ಗಾಳಿಯಾಡದ ಆಳದಲ್ಲಿ ತುಕ್ಕು ಕರಗಿದಾಗ ಅದು ನೀರಿಗೆ ಬಿಡುಗಡೆಯಾಯಿತು. ಹಾಗಾದರೆ ಗಾಳಿಯಾಡುವ ಕಡೆ ಹೊಸ ತುಕ್ಕನ್ನು ಒದಗಿಸಿದರೆ ಆರ್ಸೆನಿಕ್ ಮತ್ತೆ ಅದಕ್ಕೇ ಅಂಟಬೇಕಲ್ಲವೆ? ಬಾಂಗ್ಲಾದೇಶ ಮೂಲದ ರಸಾಯನ ವಿಜ್ಞಾನಿ ಅಬುಲ್ ಹುಸ್ಸಾಂ ಮರಳು, ಇಟ್ಟಿಗೆ ಚೂರು, ಇದ್ದಿಲು ಮತ್ತು ಹದಮಾಡಿದ ಕಬ್ಬಿಣದ ಚೂರುಗಳನ್ನು ಎರಡು ಬಕೆಟ್‌ಗಳಲ್ಲಿ ತುಂಬಿ ‘ಸೋನೊ’ ಫಿಲ್ಟರನ್ನು ರೂಪಿಸಿದ್ದು ಈ ತತ್ವದ ಮೇಲೆ. 2007ರಲ್ಲಿ ಅದಕ್ಕೆ ಹತ್ತು ಲಕ್ಷ ಡಾಲರ್‌ಗಳ ಗ್ರೇಂಜರ್ ಪ್ರಶಸ್ತಿ ದೊರೆಯಿತು. ಮದರಾಸಿನ ಐಐಟಿಯಲ್ಲಿ ಟಿ. ಪ್ರದೀಪ್ ಅವರ ತಂಡ ಇದೇ ತತ್ವವನ್ನು ಇನ್ನಷ್ಟು ಸೂಕ್ಷ್ಮವಾಗಿಸಿ, ಕಬ್ಬಿಣದ ಅತಿಸಣ್ಣ ಕಣಗಳನ್ನು ಸಿಗಡಿ ಚಿಪ್ಪಿನಿಂದ ದೊರೆಯುವ ಕೈಟೊಸಾನ್ ಎಂಬ ವಸ್ತುವಿನ ಹಂದರದಲ್ಲಿ ಕೂಡಿಹಾಕಿತು. ಇಲ್ಲಿ ಜರಡಿಯ ಕೆಲಸವಿಲ್ಲ. ವಿಷ ವಸ್ತುವಿನ ಮೈಗೆ ಅಂಟಿಕೊಳ್ಳುತ್ತದೆ. ಅಂಟುವ ಜಾಗ ತುಂಬಿದ ದಿನ ಫಿಲ್ಟರ್ ಮುಗಿದಂತೆ. ಆದರೆ ಅಂದೂ ನೀರು ತಿಳಿಯಾಗಿಯೇ ಬರುತ್ತದೆ.

2020ರ ಸೋಂಕಿನ ಕಾಲದಲ್ಲಿ ಎಲ್ಲರಿಗೂ ಪರಿಚಯವಾದ ಎನ್-95 ಮುಖಗವಸಿನ ಕಥೆಯೂ ಇಂಥದೇ. ಕರಗಿಸಿದ ಪ್ಲಾಸ್ಟಿಕ್ಕನ್ನು ಬಿಸಿಗಾಳಿಯಿಂದ ಊದಿ ಮಾಡಿದ ಸೂಕ್ಷ್ಮ ಎಳೆಗಳಿಗೆ ಸ್ಥಾಯಿ ವಿದ್ಯುತ್ತನ್ನು ತುಂಬುವ ವಿಧಾನವನ್ನು ಟೆನೆಸ್ಸಿ ವಿಶ್ವವಿದ್ಯಾಲಯದ ಪೀಟರ್ ಸಾಯ್ 1990ರ ದಶಕದಲ್ಲಿ ಅಭಿವೃದ್ಧಿಪಡಿಸಿದರು. ಬಾಚಿದ ಬಾಚಣಿಗೆ ಕಾಗದದ ಚೂರನ್ನು ಸೆಳೆಯುವಂತೆ ಆ ಎಳೆಗಳು ಕಣವನ್ನು ಸೆಳೆದು ಹಿಡಿಯುತ್ತವೆ. ಸಾಬೂನಿನಲ್ಲಿ ಒಗೆದರೆ ವಿದ್ಯುತ್ತು ನಾಶವಾಗುತ್ತದೆ, ಮುಖಗವಸು ಮಾತ್ರ ಮೊದಲಿಗಿಂತ ಶುಭ್ರವಾಗಿ ಕಾಣುತ್ತದೆ.

ಮಾತನಾಡುವ ಪಟ್ಟಿಗಳು

ಫಿಲ್ಟರ್ ತನ್ನ ಸೋಲನ್ನು ತಾನೇ ಹೇಳುವುದಿಲ್ಲ. ಹೇಳಲು ಬೇರೊಂದು ಸಾಕ್ಷಿ ಬೇಕು. ಅದೇ ಸಂವೇದಕ, ಜನರ ಮಾತಿನಲ್ಲಿ ಸೆನ್ಸರ್.

ಅತ್ಯಂತ ಸರಳವಾದ ಸಾಕ್ಷಿ ಹುಟ್ಟಿದ್ದು ಭಾರತದಲ್ಲಿಯೇ. ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಸಂಸ್ಥೆಯ ಮಂಜ, ಮೌರ್ಯ ಮತ್ತು ರಾವ್ ಎಂಬ ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ವಿಧಾನವಿದು. ಪೋಷಕ ದ್ರವ್ಯ, ಗಂಧಕದ ಲವಣ ಮತ್ತು ಕಬ್ಬಿಣದ ಲವಣಗಳಲ್ಲಿ ಅದ್ದಿ ಒಣಗಿಸಿದ ಕಾಗದದ ಪಟ್ಟಿಯನ್ನು ಶುದ್ಧವಾದ ಸೀಸೆಯಲ್ಲಿ ಇಟ್ಟಿರುತ್ತಾರೆ. ಅದಕ್ಕೆ ಗುರುತಿನವರೆಗೆ ನೀರು ತುಂಬಿ ಬೆಚ್ಚನೆಯ ಜಾಗದಲ್ಲಿ ಒಂದೆರಡು ದಿನ ಇಟ್ಟರಾಯಿತು. ಮಲದ ಸಂಪರ್ಕವಿರುವ ನೀರಾದರೆ ಅದರೊಳಗಿನ ಬ್ಯಾಕ್ಟೀರಿಯಾಗಳು ಗಂಧಕದ ಅನಿಲ ಹೊರಸೂಸಿ, ಅದು ಕಬ್ಬಿಣದೊಡನೆ ಸೇರಿ ನೀರನ್ನು ಕಪ್ಪಾಗಿಸುತ್ತದೆ. ಓದು ಬಾರದವರೂ ಇದನ್ನು ಓದಬಲ್ಲರು. ಮಲೆನಾಡಿನ ಮಳೆಗಾಲದ ಚಳಿಗೆ ಫಲಿತಾಂಶ ತಡವಾಗಬಹುದು, ಅವಸರಪಟ್ಟು ಸೀಸೆಯನ್ನು ಎಸೆಯಬಾರದು. ಗಂಧಕದ ಅಂಶ ಸಹಜವಾಗಿಯೇ ಇರುವ ಬಾವಿಯಲ್ಲಿ ಸುಳ್ಳು ಕಪ್ಪು ಕಾಣಿಸಬಹುದೆಂಬುದೂ ನೆನಪಿರಬೇಕು.

ಇದರ ಮುಂದಿನ ಹೆಜ್ಜೆ ಮುದ್ರಿತ ಸಂವೇದಕ. ಮದುವೆಯ ಕರೆಯೋಲೆ ಅಚ್ಚು ಹಾಕುವ ಸ್ಕ್ರೀನ್ ಪ್ರಿಂಟಿಂಗ್ ವಿಧಾನವೇ ಇಲ್ಲಿಯೂ ಇದೆ. ಬಣ್ಣದ ಬದಲು ಇಂಗಾಲದ ಅಥವಾ ಬೆಳ್ಳಿಯ ಶಾಯಿ, ಕಾಗದದ ಬದಲು ಬಾಗುವ ಪಾಲಿಯೆಸ್ಟರ್ ಹಾಳೆ. ಸಕ್ಕರೆ ಕಾಯಿಲೆಯವರು ಬೆರಳು ಚುಚ್ಚಿ ರಕ್ತ ಸೋಕಿಸುವ ಪಟ್ಟಿ ಇದರ ಮನೆಮಾತಾದ ರೂಪ. 1987ರಲ್ಲಿ ಮಾರುಕಟ್ಟೆಗೆ ಬಂದ ಲೇಖನಿ ಗಾತ್ರದ ಉಪಕರಣದಿಂದ ಆ ಪಟ್ಟಿಗಳ ಯುಗ ಆರಂಭವಾಯಿತು. ಪಟ್ಟಿಯ ಮೇಲಿನ ಕಿಣ್ವ ಸಕ್ಕರೆಯಿಂದ ಎಲೆಕ್ಟ್ರಾನುಗಳನ್ನು ಬಿಡಿಸುತ್ತದೆ, ಶಾಯಿಯ ಗೆರೆ ಅವನ್ನು ಹೊತ್ತೊಯ್ಯುತ್ತದೆ, ಉಪಕರಣ ಎಣಿಸುತ್ತದೆ. 2007ರಲ್ಲಿ ಹಾರ್ವರ್ಡ್‌ನ ಜಾರ್ಜ್ ವೈಟ್‌ಸೈಡ್ಸ್ ಅವರ ತಂಡ ಕಾಗದದಲ್ಲಿಯೇ ನೀರೊಲ್ಲದ ಬದುಗಳನ್ನು ಮೂಡಿಸಿ, ದ್ರವವನ್ನು ಗದ್ದೆಯ ಕಾಲುವೆಯಂತೆ ಬೇಕಾದ ಕಡೆಗೆ ಹರಿಸಿ ಪರೀಕ್ಷಿಸುವ ದಾರಿ ತೋರಿಸಿತು.

ಇಂಥ ಮುದ್ರಿತ ಪಟ್ಟಿಯಿಂದ ನೀರಿನಲ್ಲಿನ ತಾಮ್ರ, ಸೀಸಗಳನ್ನೂ ಅಳೆಯಬಹುದು. ಮೊದಲು ವಿದ್ಯುತ್ತಿನಿಂದ ಲೋಹವನ್ನು ಪಟ್ಟಿಯ ಮೇಲೆ ಕೂರಿಸಿ, ಆಮೇಲೆ ಕ್ರಮವಾಗಿ ಕಳಚುತ್ತಾರೆ. ಪ್ರತಿ ಲೋಹವೂ ತನ್ನದೇ ಆದ ವೋಲ್ಟೇಜಿನಲ್ಲಿ ಕಳಚುವುದರಿಂದ ಯಾವುದು, ಎಷ್ಟು ಎಂಬುದು ತಿಳಿಯುತ್ತದೆ. ಅಡಿಕೆ ತೋಟದಿಂದ ಹಳ್ಳಕ್ಕೆ ಇಳಿಯುವ ತಾಮ್ರ ಎಷ್ಟೆಂಬುದು ಊಹೆಯಿಂದ ಹೇಳುವ ಮಾತಲ್ಲ, ಅಳೆದು ಹೇಳಬೇಕಾದ ಮಾತು. ಆದರೆ ಪಟ್ಟಿಗೂ ಆಯುಷ್ಯವಿದೆ. ತೇವ ತಗುಲಿದರೆ ಅದು ಕೆಡುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಸುಳ್ಳು ಹೇಳುತ್ತದೆ. ಪ್ರಮಾಣ ಗೊತ್ತಿರುವ ದ್ರಾವಣದೊಂದಿಗೆ ಆಗಾಗ ತಾಳೆ ನೋಡದ ಉಪಕರಣದ ಅಂಕೆಗೆ ಬೆಲೆಯಿಲ್ಲ.

ಸಾಕ್ಷಿ ಯಾರ ಕೈಯಲ್ಲಿ?

ಸಂವೇದಕವೂ ಮೋಸಕ್ಕೆ ಒದಗಬಹುದು. ಕೆಲವು ಮಾರಾಟಗಾರರು ಎರಡು ಲೋಟಗಳಿಗೆ ಲೋಹದ ಕಡ್ಡಿಗಳನ್ನು ಇಳಿಬಿಟ್ಟು ವಿದ್ಯುತ್ ಹಾಯಿಸುತ್ತಾರೆ. ಮನೆಯ ನೀರು ಕಂದಾಗಿ ಕದಡುತ್ತದೆ, ಯಂತ್ರದ ನೀರು ತಿಳಿಯಾಗಿಯೇ ಉಳಿಯುತ್ತದೆ. ಮನೆಯವರು ಗಾಬರಿಗೊಳ್ಳುತ್ತಾರೆ. ಆ ಕಂದು ಬಣ್ಣ ನೀರಿನ ಕೊಳೆಯಲ್ಲ, ಕಡ್ಡಿಯ ಕಬ್ಬಿಣವೇ ಕರಗಿ ಬಂದ ತುಕ್ಕು. ಲವಣವಿರುವ ನೀರು ವಿದ್ಯುತ್ತನ್ನು ಹರಿಯಗೊಡುತ್ತದೆ, ಲವಣ ತೆಗೆದ ನೀರು ಹರಿಯಗೊಡದು; ವ್ಯತ್ಯಾಸ ಅಷ್ಟೇ. ಟಿಡಿಎಸ್ ಅಳೆಯುವ ಪೆನ್ನು ಕೂಡ ಹೇಳುವುದು ಒಟ್ಟು ಕರಗಿದ ಲವಣದ ಅಂದಾಜನ್ನು ಮಾತ್ರ. ರೋಗಾಣುಗಳಿಂದ ತುಂಬಿದ ಹಳ್ಳದ ನೀರಿಗೂ ಅದು ‘ಉತ್ತಮ’ ಅಂಕೆ ಕೊಡಬಲ್ಲುದು.

ಆರ್‌ಒ ಪೊರೆ ಹಿರಿಯ ಆವಿಷ್ಕಾರ. 1959ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ಶ್ರೀನಿವಾಸ ಸೌರಿರಾಜನ್ ರೂಪಿಸಿದ ಪೊರೆ ಉಪ್ಪುನೀರನ್ನು ಕುಡಿಯುವ ನೀರಾಗಿಸುವ ದಾರಿ ತೆರೆಯಿತು. ಪಾವಗಡದಂತಹ ಫ್ಲೋರೈಡ್ ಪೀಡಿತ ತಾಲ್ಲೂಕುಗಳಲ್ಲಿ ಅದಕ್ಕೆ ಅರ್ಥವಿದೆ. ಆದರೆ ಮನೆಯ ಆರ್‌ಒ ಯಂತ್ರಗಳು ಸಾಮಾನ್ಯವಾಗಿ ಕೊಡುವ ನೀರಿಗಿಂತ ಹೊರಚೆಲ್ಲುವ ನೀರೇ ಹೆಚ್ಚು. ಲವಣ ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಇರುವ ಕಡೆ ಆರ್‌ಒ ಬಳಕೆಯನ್ನು ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2019ರಲ್ಲಿ ಆದೇಶಿಸಿದ್ದು ಇದೇ ಕಾರಣಕ್ಕೆ. ಬೆಟ್ಟದ ಒರತೆಯಲ್ಲಿ ಲವಣ ಸಾಮಾನ್ಯವಾಗಿ ಅದಕ್ಕಿಂತ ಎಷ್ಟೋ ಕಡಿಮೆ. ಅಲ್ಲಿನ ಭಯ ರೋಗಾಣುವಿನದು. ಕುದಿಸಿದರೆ ಅದು ನೀಗುತ್ತದೆ.

ಫಿಲ್ಟರ್ ಮಾರುವವನೇ ಸಾಕ್ಷಿಯನ್ನೂ ಹೇಳುವಂತಾಗಬಾರದು. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆ ಕಲಿಸುವ ಏರ್ಪಾಡು ಮಾಡಿತು. ತಮ್ಮ ಊರಿನ ಆ ಐವರು ಯಾರು, ಕಿಟ್ ಎಲ್ಲಿದೆ, ಅದರ ಅವಧಿ ಮುಗಿದಿಲ್ಲವೆ ಎಂದು ಗ್ರಾಮಸಭೆಯಲ್ಲಿ ಕೇಳುವ ಹಕ್ಕು ಎಲ್ಲರಿಗೂ ಇದೆ.

ಯಾವುದೇ ಹೊಸ ಫಿಲ್ಟರ್ ಊರಿಗೆ ಬಂದಾಗ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಇದು ಏನನ್ನು ತಡೆಯುತ್ತದೆ? ಏನನ್ನು ತಡೆಯುವುದಿಲ್ಲ? ಇದರ ಆಯುಷ್ಯ ಮುಗಿದುದನ್ನು ತಿಳಿಯುವುದು ಹೇಗೆ? ಮುಗಿದ ಮೇಲೆ ವಿಷ ಹೀರಿದ ಈ ವಸ್ತು, ಬೆಳ್ಳಿಯ ಶಾಯಿಯ ಈ ಪ್ಲಾಸ್ಟಿಕ್ ಪಟ್ಟಿ ಎಲ್ಲಿಗೆ ಹೋಗುತ್ತದೆ? ಕೊನೆಯ ಪ್ರಶ್ನೆಗೆ ಉತ್ತರ ‘ಹಳ್ಳಕ್ಕೆ’ ಎಂದಾದರೆ ಮತ್ತೆ ಮೊದಲಿನಿಂದ ಆರಂಭಿಸಬೇಕಾದೀತು.

ಶಾಲಾ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಊರಿನ ಪ್ರತಿ ಒರತೆ, ಬಾವಿಗಳಿಗೆ ಒಂದೊಂದು ಪುಟದ ಲೆಕ್ಕ ಇಡಲಿ. ಮಳೆಗೆ ಮೊದಲೊಮ್ಮೆ, ಮೊದಲ ದೊಡ್ಡ ಮಳೆಯ ಮರುದಿನ ಒಮ್ಮೆ, ಬೋರ್ಡೋ ಸಿಂಪಡಣೆಯ ನಂತರ ಒಮ್ಮೆ ನೀರನ್ನು ಪರೀಕ್ಷಿಸಿ ತಾರೀಖಿನೊಂದಿಗೆ ಬರೆಯಲಿ. ಕಪ್ಪಾದ ಸೀಸೆ ಕಂಡಾಗ ಫಿಲ್ಟರ್ ಕೊಳ್ಳುವ ಮೊದಲು ಒರತೆಯ ಮೇಲ್ಭಾಗಕ್ಕೆ ನಡೆದು ಹೋಗಿ, ಅಲ್ಲಿ ದನದ ಕೊಟ್ಟಿಗೆಯ ನೀರು ಇಳಿಯುತ್ತಿದೆಯೆ, ಶೌಚದ ಗುಂಡಿ ಇದೆಯೆ, ಕಾಡು ಬೋಳಾಗಿದೆಯೆ ಎಂದು ನೋಡಲಿ. ಅಲ್ಲಿ ಸರಿಪಡಿಸಬಹುದಾದುದನ್ನು ಮನೆಯ ನಲ್ಲಿಯಲ್ಲಿ ಸೋಸುತ್ತ ಕೂರುವುದು ದುಬಾರಿಯೂ ಹೌದು, ಅಪೂರ್ಣವೂ ಹೌದು.