ಮಣಿಗಳ ಪೀಪಾಯಿ

ವಿಷಯ ನಿಮ್ಮಿಷ್ಟದ್ದೇ ಇರಲಿ ಎಂದು ಪೂಜ್ಯರು ಅಪ್ಪಣೆ ಕೊಡಿಸಿದ್ದರಿಂದ ಚೀಲದಲ್ಲಿ ಒಂದು ಆಟಿಕೆ ತಂದಿದ್ದೇನೆ. ನಗಬೇಡಿ, ಮೂವತ್ತು ವರ್ಷ ಎಂಜಿನಿಯರಾಗಿದ್ದವನನ್ನು ಇದು ತಿಂಗಳುಗಟ್ಟಲೆ ಕಾಡಿದೆ.

ಜಪಾನಿನ ನಿಂಟೆಂಡೊ ಕಂಪನಿ 1980ರಲ್ಲಿ ತಂದ ಪೀಪಾಯಿ ಇದು. ಹೆಸರು 'ಟೆನ್ ಬಿಲಿಯನ್', ಅಂದರೆ ನಮ್ಮ ಲೆಕ್ಕದಲ್ಲಿ ಸಾವಿರ ಕೋಟಿ. ಮಾಡಿದವರು ಗುನ್‌ಪೇ ಯೊಕೊಯಿ. ಆ ಕಂಪನಿ ಇಸ್ಪೀಟು ಎಲೆ ತಯಾರಿಸುತ್ತಿದ್ದ ಕಾಲದಲ್ಲಿ ಯಂತ್ರಗಳ ದುರಸ್ತಿ ನೋಡಿಕೊಳ್ಳಲು ಸೇರಿದವರು. 1989ರ ಗೇಮ್ ಬಾಯ್ ಕೂಡ ಅವರ ತಂಡದ್ದೇ.

ಒಳಗೆ 23 ಮಣಿಗಳಿವೆ. ಐದು ಬಣ್ಣ, ಬಣ್ಣಕ್ಕೆ ನಾಲ್ಕು, ಜೊತೆಗೆ ಮೂರು ಕರಿಮಣಿ. ಮೇಲಿನ ಎರಡು ಸಾಲು ಒಟ್ಟಿಗೆ ತಿರುಗುತ್ತವೆ, ಕೆಳಗಿನ ಎರಡು ಬೇರೆಯಾಗಿ ತಿರುಗುತ್ತವೆ. ಚೌಕಟ್ಟನ್ನು ಒತ್ತಿದರೆ ಮೂರು ಕಂಬಗಳ ಮಣಿಗಳು ಒಂದೊಂದು ಮನೆ ಮೇಲೆ ಅಥವಾ ಕೆಳಗೆ ಸರಿಯುತ್ತವೆ. ಒಂದೊಂದು ಕಂಬದಲ್ಲಿ ಒಂದೇ ಬಣ್ಣ ನಿಲ್ಲಬೇಕು. ಇಷ್ಟೇ.

ಎರಡು ಕಂಬ ಬೇಗ ಕೂಡಿದವು. ಆಮೇಲೆ ಅವನ್ನು ಮುಟ್ಟಲು ಕೈ ಬರಲಿಲ್ಲ. ಮುಗಿದ ಕೆಲಸ ಕೆಡಿಸಬಾರದೆಂಬುದು ನಮ್ಮ ವೃತ್ತಿಯ ಅಭ್ಯಾಸ. ಅವು ಅಲ್ಲಾಡದ ಹಾಗೆ ಉಳಿದದ್ದನ್ನಷ್ಟೇ ತಿರುಗಿಸಲು ಹೋದೆ. ಆಗದು, ಯಾಕೆಂದರೆ ಒಂದು ಸಾಲು ತಿರುಗಿದರೆ ಐದು ಕಂಬಗಳೂ ಕದಡುತ್ತವೆ.

ಕೊನೆಗೆ ಒಂದು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಸ್ಕ್ರೂಡ್ರೈವರಿನಿಂದ ಮುಚ್ಚಳ ಎಬ್ಬಿಸಹೋದೆ. ಮಣಿ ತೆಗೆದು ಜೋಡಿಸಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಪ್ಲಾಸ್ಟಿಕ್ ಟಕ್ ಎಂದಿತು. ಬಿರುಕು. ಮಗ ಜಪಾನಿನ ಹಳೆ ಸಾಮಾನಿನ ಅಂಗಡಿಯಲ್ಲಿ ಹುಡುಕಿ ತನ್ನ ಮಗಳಿಗೆಂದು ತಂದದ್ದು. ಅಳತೆ ಪುಸ್ತಕದಲ್ಲಿ ಇಲ್ಲದ ಕಾಮಗಾರಿ ಬರೆಸಲು ಬಂದ ಗುತ್ತಿಗೆದಾರರನ್ನು ಹೊರಗೆ ಕಳಿಸಿದವನು ನಾನು. ಪೀಪಾಯಿಯನ್ನು ಬಿರುಕು ಗೋಡೆಯ ಕಡೆ ಮಾಡಿ ಕಪಾಟಿನಲ್ಲಿಟ್ಟೆ.

ಮೊಮ್ಮಗಳು ಎರಡು ದಿನ ಬಿಟ್ಟು ಕೈಯಲ್ಲಿ ಹಿಡಿದು ಬಂದಳು. "ಅಜ್ಜಾ, ಇದನ್ನ ಬಿಚ್ಚಾಕ ಹೋಗಿದ್ದೇನು?" ಹೌದು ಎಂದೆ. ಅವಳು ಸಿಟ್ಟಾಗಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಪಕ್ಕದಲ್ಲಿ ಕೂತು, "ಕೆಡಿಸಿದ್ದು ನೆನಪಿಟ್ಟರ ಸಾಕು, ತಿರುಗಿ ಬರ್ತೈತಿ" ಅಂದಳು.

ಕೀಲಿ ಅದರಲ್ಲಿತ್ತು. ಕರಿಮಣಿಗಳು ತಳದಲ್ಲಿದ್ದಾಗ ಮೇಲಿನ ಭಾಗವನ್ನು ಒಂದು ಮನೆ ಬಲಕ್ಕೆ ತಿರುಗಿಸಿ, ಚೌಕಟ್ಟು ಒತ್ತಿ, ಮತ್ತೆ ಒಂದು ಮನೆ ಎಡಕ್ಕೆ ತಂದು, ಚೌಕಟ್ಟನ್ನು ಮೊದಲಿನಂತೆ ಮಾಡಿ. ಕರಿಮಣಿಗಳೂ ಕೆಳಗಿನ ಸಾಲೂ ಇದ್ದಲ್ಲಿಗೇ ಮರಳುತ್ತವೆ. ಮೇಲೆ ಮಾತ್ರ ಕೆಲವು ಮಣಿ ಜಾಗ ಬದಲಿಸಿರುತ್ತವೆ. ಯಾವುದು ಎಲ್ಲಿಗೆ ಹೋಯಿತೆಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಹಾಗೇ ಮುಂದುವರಿದೆ.

ಕೊನೆಗೆ ಎರಡೇ ಮಣಿ ಅದಲುಬದಲಾಗಿ ನಿಂತಾಗ ಎದೆ ಹೊಡೆದುಕೊಂಡಿತು. 15 ಅಂಕಿಗಳ ಸರಿಸುವ ಚೌಕದಲ್ಲಿ 14, 15 ಮಾತ್ರ ಅದಲುಬದಲಾಗಿದ್ದರೆ ಅದು ಎಂದೂ ಬಿಡಿಸಲಾಗದು. 1879ರಲ್ಲೇ ಗಣಿತಜ್ಞರು ಸಿದ್ಧಪಡಿಸಿದ್ದಾರೆ. ಇಲ್ಲಿ ಆ ಭಯವಿಲ್ಲ. ಒಂದೇ ಬಣ್ಣದ ನಾಲ್ಕು ಮಣಿಗಳಿವೆಯಲ್ಲ, ಅವುಗಳಲ್ಲಿ ಯಾವ ಎರಡು ಜಾಗ ಬದಲಿಸಿದರೂ ಕಣ್ಣಿಗೆ ಕಾಣದು. ಲೆಕ್ಕದ ಬೆಸ-ಸಮ ಅಲ್ಲಿ ಸರಿಹೋಗುತ್ತದೆ.

ಮುಗಿಸಿದ್ದು ರಾತ್ರಿ ಹನ್ನೊಂದಕ್ಕೆ. ಮೊಮ್ಮಗಳು ಮಲಗಿದ್ದಳು, ದಿಂಬಿನ ಹತ್ತಿರ ಇಟ್ಟು ಬಂದೆ. ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಪೂರ್ತಿ ಕಲಸಿ ಮತ್ತೆ ನನ್ನ ಕೈಗೆ ಕೊಟ್ಟಳು.

ದಾಸೋಹ ಮುಗಿಸಿ ಬಂದವರು ಕೈಗೆತ್ತಿಕೊಂಡು ನೋಡಬಹುದು. ಬಿರುಕು ಈ ಬದಿಗಿದೆ, ಮೆಲ್ಲಗೆ ಹಿಡಿಯಿರಿ.