ಒಂದೇ ಮಾತ್ರೆ, ಬೇರೆ ಬೇರೆ ಮೈ



ಮಂಗಳೂರಿನಲ್ಲಿ ಬಿ.ಇ. ಓದುವಾಗ ನನಗೂ ರೂಮಿನ ಗೆಳೆಯನಿಗೂ ಮಲೇರಿಯಾ ಬಂತು. ಇಬ್ಬರಿಗೂ ಪ್ರೈಮಾಕ್ವಿನ್ ಮಾತ್ರೆ ಕೊಟ್ಟರು. ಅವನು ಗುಣವಾದ. ನನಗೆ ಮೂರನೇ ದಿನ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು, ಕಣ್ಣು ಹಳದಿಯಾಯಿತು. ಡಾಕ್ಟರು ಮಾತ್ರೆ ನಿಲ್ಲಿಸಿ ಬದುಕಿಸಿದರು.

ನನ್ನ ರಕ್ತದಲ್ಲಿ ಜಿ6ಪಿಡಿ ಎಂಬ ಕಿಣ್ವ ಕಡಿಮೆ. ಕೆಂಪು ರಕ್ತಕಣಗಳನ್ನು ಕಾಯುವುದು ಅದೇ. ಅದು ಕಡಿಮೆಯಿದ್ದವರಿಗೆ ಈ ಮಾತ್ರೆಯಿಂದ ಕಣಗಳು ಒಡೆಯುತ್ತವೆ. ಅದರ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಗಂಡುಮಕ್ಕಳಿಗೆ ಎಕ್ಸ್ ಬರುವುದು ತಾಯಿಯಿಂದ ಎಂದು ಮೇಷ್ಟ್ರು ಇದೇ ಶಾಲೆಯ ಬೋರ್ಡಿನ ಮೇಲೆ ಬರೆದು ತೋರಿಸಿದ್ದರು. ಅದು ನೆನಪಾಗಿ ಅಕ್ಕನ ಮಗನಿಗೂ ಪರೀಕ್ಷೆ ಮಾಡಿಸಿದೆವು. ಅವನಿಗೂ ಇದೆ. ಈಗ ಇಬ್ಬರ ಜೇಬಿನಲ್ಲೂ ಚೀಟಿ ಇರುತ್ತದೆ.

ಪಕ್ಕದ ಮನೆಯವರಿಗೆ ಒಗ್ಗಿತೆಂದು ಮಾತ್ರೆ ನುಂಗಬೇಡಿ. ಮನೆಯಲ್ಲಿ ಯಾರಿಗೆ ಯಾವ ಔಷಧಿ ಒಗ್ಗಲಿಲ್ಲವೋ ಬರೆದಿಟ್ಟು ಡಾಕ್ಟರಿಗೆ ತೋರಿಸಿ.